ಬ್ರೇಕ್ ತಿನ್ನುವ ಹುಡುಗಿ

ಆಗಸ್ಟ್ 10, ಭಾನುವಾರ

ಕೊಲ್ಹಾಪುರದ ಆಚೆಯ ರೇಸ್ ಟ್ರ್ಯಾಕಿನಿಂದ ಬಂದು ಸ್ನಾನ ಮಾಡಿದರೂ ಸುಟ್ಟ ಬ್ರೇಕಿನ ವಾಸನೆ ಮೂಗಿನಿಂದ ಹೋಗಿಲ್ಲ. ಅದಕ್ಕಿಂತ ಹೆಚ್ಚಾಗಿ ಹೊಟ್ಟೆ ಸುಡುತ್ತಿದೆ. ಯಾರ ಮುಂದೂ ಹೇಳುವಂತಿಲ್ಲ, ಇಲ್ಲಾದರೂ ಬರೆದುಬಿಡುತ್ತೇನೆ. ಇವತ್ತು ಚಪ್ಪಾಳೆ ಬಿದ್ದದ್ದು ನನಗಲ್ಲ, ಜನ್ನತಳಿಗೆ.

ಆ ಹುಡುಗಿಗೆ ಸ್ಟೇರಿಂಗ್ ಹಿಡಿಯಲು ಕಲಿಸಿದವಳೇ ನಾನು. ನೇಸರಗಿಯ ಟೆಂಪೊ ಡ್ರೈವರ್ ಬುರಾನಸಾಬರ ಮಗಳು. ನನ್ನ ಅಪ್ಪ ಬೈಲಹೊಂಗಲದಲ್ಲಿ ತೆರೆದು ಈಗ ನಾನು ನಡೆಸುತ್ತಿರುವ ಡ್ರೈವಿಂಗ್ ಸ್ಕೂಲಿಗೆ ಕಲಿಯಲು ಬಂದಳು. ಲೈಸೆನ್ಸ್ ಬಂದ ಮೇಲೂ ಹೋಗಲಿಲ್ಲ. ಹೆಂಗಸರ ಕ್ಲಾಸು ತೆಗೆದುಕೊಳ್ಳುತ್ತ ನಮ್ಮಲ್ಲೇ ಉಳಿದಳು. ಒಳ್ಳೆಯ ಕೆಲಸಗಾರ್ತಿ, ಸುಳ್ಳೇಕೆ.

ಕಾರು ನನ್ನದು. ಸ್ಕೂಲಿನಲ್ಲಿ ವರ್ಷಗಟ್ಟಲೆ ದುಡಿದು ಹಣ್ಣಾದ ಗಾಡಿ. ಮಾರುವ ಬದಲು ಎಂಜಿನ್ ಜೋರು ಮಾಡಿಸಿ, ಗಟ್ಟಿ ಸ್ಪ್ರಿಂಗು, ಅಗಲ ಟೈರು, ಮುಂದಿನ ಚಕ್ರಗಳಿಗೆ ದೊಡ್ಡ ಬ್ರೇಕ್ ಡಿಸ್ಕು ಹಾಕಿಸಿದೆ. ಮುದುಕಿಗೆ ಜರತಾರಿ ಉಡಿಸಿದೆ ಎಂದು ನನ್ನ ಗಂಡ ಮಿಲಿಂದ ನಕ್ಕರು. ಎಡಗಡೆಯ ಬ್ರೇಕು ಮಾತ್ರ ಹಾಗೇ ಇದೆ. ಸ್ಕೂಲಿನ ಕಾರುಗಳಲ್ಲಿ ಕಲಿಸುವವರ ಕಾಲಿಗೆಂದು ಇನ್ನೊಂದು ಪೆಡಲ್ ಇರುತ್ತದಲ್ಲ, ಅದು. ಅದನ್ನು ಬಿಚ್ಚಲು ಅಪ್ಪ ಬಿಡಲಿಲ್ಲ. ಟ್ರ್ಯಾಕಿನವರು ಅದನ್ನು ನೋಡಿ ನಕ್ಕು ಸುಮ್ಮನಾದರು.

ಬೆಳಗಾವಿಯ ಕಾರು ಹುಚ್ಚರ ಗುಂಪೊಂದು ಆಗಾಗ ಆ ಟ್ರ್ಯಾಕನ್ನು ಒಂದು ದಿನದ ಮಟ್ಟಿಗೆ ಬಾಡಿಗೆಗೆ ಹಿಡಿಯುತ್ತದೆ. ನಾನು ಒಬ್ಬಳೇ ಹೋಗುತ್ತಿದ್ದೆ. ಈ ಸಲ ಜೊತೆಗಿರಲಿ ಎಂದು ಅವಳನ್ನೂ ಕರೆದುಕೊಂಡು ಹೋಗಿ, ನೀನೂ ನಾಲ್ಕು ಸುತ್ತು ಓಡಿಸು ಎಂದು ದೊಡ್ಡ ಮನಸ್ಸು ಮಾಡಿದೆ. ಎಡಗಡೆ ನಾನು ಕೂತೆ. ಉದ್ದನೆಯ ನೇರ ದಾರಿಯ ಕೊನೆಯಲ್ಲಿ ನಾನು ಬ್ರೇಕ್ ಒತ್ತುವ ಜಾಗ ದಾಟಿ, ಇನ್ನಷ್ಟು ದಾಟಿ, ಆಮೇಲೆ ಒತ್ತುತ್ತಾಳೆ. ನನ್ನ ಜೀವ ಬಾಯಿಗೆ ಬಂತು. ನಿಲ್ಲಿಸಿದಾಗ ಚಕ್ರದಿಂದ ಹೊಗೆ ಏಳುತ್ತಿತ್ತು. ಒಂದು ಸುತ್ತಿನ ಟೈಮು ನನ್ನದಕ್ಕಿಂತ ಕಡಿಮೆ. ಹೊಗೆಯನ್ನು ಯಾರೂ ನೋಡಲಿಲ್ಲ, ಟೈಮು ನೋಡಿ ಚಪ್ಪಾಳೆ ಹೊಡೆದರು. ನಾನೂ ಹೊಡೆದೆ, ಎಲ್ಲರಿಗಿಂತ ಜೋರಾಗಿ.

ಸಾಕಿದ ಗಿಣಿ ಹದ್ದಾಗಿ ಕುಕ್ಕುವುದೆಂದರೆ ಇದೇ. ಬಲಗಾಲಿನ ಮೀನಖಂಡ ಬೇರೆ ಹಿಡಿದುಕೊಂಡಿದೆ. ಬಿಸಿಲಲ್ಲಿ ನಿಂತದ್ದಕ್ಕಿರಬೇಕು.

ಆಗಸ್ಟ್ 13, ಬುಧವಾರ

ನಾನೂ ಜನ್ನತಳೂ ಸರ್ಫರಾಜನ ಗ್ಯಾರೇಜಿಗೆ ಹೋದೆವು. ನಮ್ಮ ಸ್ಕೂಲಿನ ಗಾಡಿಗಳನ್ನೆಲ್ಲ ನೋಡಿಕೊಳ್ಳುವವನು ಅವನೇ. ಚಕ್ರ ಬಿಚ್ಚಿ, ಡಿಸ್ಕನ್ನು ಕಚ್ಚಿ ಹಿಡಿಯುವ ಬ್ರೇಕ್ ಪ್ಯಾಡು ನನ್ನ ಕೈಗೆ ಕೊಟ್ಟ. ಮೇಲ್ಮೈ ಗಾಜಿನ ಹಾಗೆ ಹೊಳೆಯುತ್ತಿತ್ತು. ಅಂಚು ಮುಟ್ಟಿದರೆ ಒಣ ರೊಟ್ಟಿಯ ಹಾಗೆ ಮುರಿಯುತ್ತಿತ್ತು.

"ಬಾಯಾರ, ಬ್ರೇಕ ತಿನ್ನೂ ಹುಡುಗಿನ್ನ ಸಾಕೀರಿ ಬಿಡ್ರಿ" ಎಂದ. ಈ ಮಾತು ನನಗೆ ಎಷ್ಟು ಹಿಡಿಸಿತೆಂದರೆ ದಾರಿಯುದ್ದಕ್ಕೂ ಮನಸ್ಸಿನಲ್ಲೇ ಹೇಳಿಕೊಳ್ಳುತ್ತ ಬಂದೆ.

ಹೊಸ ಪ್ಯಾಡು ಯಾವುದು ಹಾಕುವುದೆಂಬ ಚರ್ಚೆ ಎರಡು ಚಹಾ ಕುಡಿಯುವಷ್ಟು ನಡೆಯಿತು. ಕಂಪನಿಯದು ಬೇಡವೆಂಬುದರಲ್ಲಿ ಜಗಳವಿಲ್ಲ. ಅದು ಸಂತೆಗೆ ಹೋಗಿ ಬರುವವರಿಗೆ ಸರಿ, ಟ್ರ್ಯಾಕಿನಲ್ಲಿ ಕಾದ ಕೂಡಲೇ ಕೈಯೆತ್ತುತ್ತದೆ. ಅಪ್ಪಟ ಟ್ರ್ಯಾಕಿನ ಪ್ಯಾಡು ಎಂಬುದೊಂದಿದೆ. ಕೆಂಡದಂತೆ ಕಾದರೂ ಹಿಡಿತ ಬಿಡುವುದಿಲ್ಲ. ಆದರೆ ತಣ್ಣಗಿದ್ದಾಗ ಹಿಡಿಯುವುದೇ ಇಲ್ಲ, ಕಿರುಚುತ್ತದೆ, ಡಿಸ್ಕನ್ನೂ ತೇದು ಹಾಕುತ್ತದೆ. ಇಲ್ಲಿಂದ ಟ್ರ್ಯಾಕಿನವರೆಗೆ ಹೆದ್ದಾರಿಯಲ್ಲಿ ಇದೇ ಕಾರು ಓಡಿಸಿಕೊಂಡು ಹೋಗುವವರು ನಾವು. ಬೆಳಗಿನ ಚಳಿಯಲ್ಲಿ ಎಮ್ಮೆ ಅಡ್ಡ ಬಂದರೆ ದೇವರೇ ಗತಿ. ಎರಡರ ನಡುವಿನದೊಂದಿದೆ, ತಣ್ಣಗಿದ್ದಾಗಲೂ ಹಿಡಿಯುತ್ತದೆ, ಸಾಕಷ್ಟು ಕಾವೂ ತಡೆಯುತ್ತದೆ. ಬುದ್ಧಿ ಇದ್ದವರು ತೆಗೆದುಕೊಳ್ಳುವುದು ಅದನ್ನೇ.

ಆ ಹುಡುಗಿ ಟ್ರ್ಯಾಕಿನದೇ ಬೇಕು ಎಂದಳು. ದಾರಿಗೆ ಒಂದು ಜೊತೆ, ಅಲ್ಲಿ ಮುಟ್ಟಿದ ಮೇಲೆ ಬದಲಿಸಲು ಇನ್ನೊಂದು ಜೊತೆ, ತಾನೇ ಬದಲಿಸುತ್ತಾಳಂತೆ. ಅಷ್ಟು ಕಾವು ಯಾಕೆ ಬರುತ್ತದೆ, ನಿನ್ನ ಕಾಲು ಸ್ವಲ್ಪ ಹತೋಟಿಯಲ್ಲಿಟ್ಟರೆ ಆಯಿತಲ್ಲ ಎಂದೆ. ಅವಳು ನೆಲ ನೋಡಿದಳು.

"ಕಾವು ತಡಿಯೂದ ಬೇಕಾಗತೈತಿರಿ ಅಕ್ಕಾರ" ಎಂದಳು, ಅಷ್ಟೇ.

ಸರ್ಫರಾಜನೂ ಅವಳ ಕಡೆಗೇ ತಲೆಯಾಡಿಸಿದ. ನಿನ್ನೆ ಮೊನ್ನೆ ಕ್ಲಚ್ಚು ಯಾವುದು ಬ್ರೇಕು ಯಾವುದು ಎಂದು ಕೇಳುತ್ತಿದ್ದವಳ ಮಾತಿಗೆ ಈಗ ಬೆಲೆ ಬಂದಿದೆ. ನಡುವಿನದನ್ನೇ ಹಾಕು ಎಂದು ಹೇಳಿ ಎದ್ದು ಬಂದೆ.

ಆಗಸ್ಟ್ 24, ಭಾನುವಾರ

ಹೊಸ ಪ್ಯಾಡು ಪಳಗಿಸಲು ಬೆಳಿಗ್ಗೆ ಕಿತ್ತೂರ ದಾರಿಗೆ ಹೋದೆವು. ಜೋರಾಗಿ ಓಡಿಸಿ ಬ್ರೇಕ್ ಒತ್ತಬೇಕು, ಪೂರ್ತಿ ನಿಲ್ಲುವ ಮೊದಲೇ ಬಿಟ್ಟು ಮತ್ತೆ ಓಡಿಸಬೇಕು, ಮತ್ತೆ ಒತ್ತಬೇಕು. ಆಮೇಲೆ ಬ್ರೇಕ್ ಮುಟ್ಟದೆ ಆರಲು ಬಿಡಬೇಕು. ಹೊಸ ಸೊಸೆಯನ್ನು ಪಳಗಿಸಿದ ಹಾಗೆ ಎಂದೆ. ಆ ಹುಡುಗಿ ನಕ್ಕಳು. ಮದುವೆಯ ಮಾತು ಬಂದಾಗಲೆಲ್ಲ ಹೀಗೇ ನಕ್ಕು ಜಾರಿಸುತ್ತಾಳೆ.

ಓಡಿಸಿದವಳು ಅವಳು, ಪಕ್ಕದಲ್ಲಿ ಕೂತು ಹೇಳಿದವಳು ನಾನು. ಒಂದು ಕಡೆ ಅವಳು ಮೆಲ್ಲಗೆ, "ಬ್ರೇಕ ನಾ ಒತ್ತೂಕಿಂತ ಮೊದಲ ಹಿಡದಂಗ ಆಗತೈತಿರಿ" ಎಂದಳು. ಹೊಸ ಪ್ಯಾಡು ಹಾಗೇ ಇರುತ್ತದೆ ಎಂದೆ. ಅವಳು ಕನ್ನಡಿ ನೋಡಿದಳು, ನನ್ನ ಕಡೆ ನೋಡಲಿಲ್ಲ.

ಹತ್ತಿ ಹೊಲಗಳ ನಡುವೆ ದಾರಿ ಖಾಲಿ ಇತ್ತು. ಅವಳು ಗೇರ್ ಬದಲಿಸುವುದು ಕೇಳಿಸುವುದೇ ಇಲ್ಲ. ಇದನ್ನು ನಾನು ಕಲಿಸಿಲ್ಲ. ಯಾರು ಕಲಿಸಿದರೋ ಎಂದು ಯೋಚಿಸುತ್ತ ಕೂತೆ, ಯಾರೂ ಕಲಿಸಿರಲಿಕ್ಕಿಲ್ಲ ಎನ್ನಿಸಿ ಮತ್ತಷ್ಟು ಉರಿಯಿತು.

ಸೆಪ್ಟೆಂಬರ್ 14, ಭಾನುವಾರ

ಬದುಕಿ ಬಂದಿದ್ದೇವೆ. ಅಕ್ಷರ ನೆಟ್ಟಗೆ ಬೀಳುತ್ತಿಲ್ಲ.

ಮುಂಜಾನೆ ಟ್ರ್ಯಾಕಿನಲ್ಲಿ ಅವಳು ಓಡಿಸಿದಳು, ನಾನು ಪಕ್ಕದಲ್ಲಿ. ಮತ್ತದೇ ವಾಸನೆ. ಆಮೇಲೆ ನಾನು ಒಬ್ಬಳೇ ಓಡಿಸಿದೆ. ಬ್ರೇಕು ಎಷ್ಟು ಚೆನ್ನಾಗಿತ್ತೆಂದರೆ, ನಡುವಿನ ಪ್ಯಾಡು ಸಾಕೆಂದು ನಾನು ಹೇಳಿದ್ದು ಸರಿ ಎಂದು ಎಲ್ಲರ ಮುಂದೆ ಸಾರಿದೆ. ಊಟವಾದ ಮೇಲೆ ನನಗೆ ತಲೆನೋವು ಬಂತು, ಅವಳು ಒಬ್ಬಳೇ ಹೋದಳು. ಆಗ ಬಂದ ಟೈಮು ಇವತ್ತಿನ ನಮ್ಮ ಗುಂಪಿನಲ್ಲೇ ಎರಡನೆಯದು. ಹೊಗೆ ಇಲ್ಲ, ವಾಸನೆ ಇಲ್ಲ. ಮೋಡ ಕವಿದು ತಂಪಾಗಿತ್ತಲ್ಲ, ಅದಕ್ಕೆ. ಜನ ಅವಳ ಸುತ್ತ ನೆರೆದಿದ್ದರು. ಯಾರೋ ಬಂದು, ಮೇಡಂ ನಿಮ್ಮ ಶಿಷ್ಯೆಯಾ ಎಂದು ಕೇಳಿದಾಗ ಹೌದು ಎಂದೆ. ಆ ಒಂದು ಶಬ್ದ ಹೇಳುವುದು ಇಷ್ಟು ಕಷ್ಟವೆಂದು ಗೊತ್ತಿರಲಿಲ್ಲ.

ಕೊನೆಯ ಸರದಿಗೆ ಮತ್ತೆ ಅವಳೊಂದಿಗೆ ಕೂತೆ. ಒಬ್ಬಳನ್ನೇ ಕಳಿಸಲು ಮನಸ್ಸಾಗಲಿಲ್ಲ. ಮತ್ತೆ ವಾಸನೆ, ಮತ್ತೆ ಹೊಗೆ. ನೇರ ದಾರಿಯ ಕೊನೆಯಲ್ಲಿ ಅವಳು ಬ್ರೇಕ್ ಒತ್ತಿದಳು, ಪೆಡಲ್ ಸೀದಾ ನೆಲಕ್ಕೆ ಹೋಯಿತು. ನನ್ನ ಕಾಲಡಿಯದೂ ಹೋಯಿತು. ಕಾರು ಟ್ರ್ಯಾಕ್ ಬಿಟ್ಟು ಜಲ್ಲಿಗೆ ನುಗ್ಗಿ, ಟೈರಿನ ಗುಡ್ಡೆಗೆ ಮೂಗು ತಾಗಿಸಿ ನಿಂತಿತು. ಬಂಪರ್ ಹೋಗಿದೆ, ನಮಗೆ ಏನೂ ಆಗಿಲ್ಲ. ಅವಳು ಮೊದಲು ಕೇಳಿದ್ದು, "ಅಕ್ಕಾರ, ಕಾಲಿಗೇನರೆ ಆತೇನ್ರಿ?" ಎಂದು.

ಕಾಲಿಗೇನು ಆಗುತ್ತದೆ. ಬ್ರೇಕ್ ಕಾದು ಆಯಿಲ್ ಕುದಿಯುವ ಹಾಗೆ ತುಳಿದವಳು ಅವಳು. ಎಲ್ಲರ ಮುಂದೆ ಬೈದೆ. ಅವಳು ಜಲ್ಲಿಯಲ್ಲಿ ಬಿದ್ದ ಬಂಪರಿನ ಚೂರು ಆರಿಸುತ್ತಿದ್ದಳು.

ಸೆಪ್ಟೆಂಬರ್ 16, ಮಂಗಳವಾರ

ಕ್ಲಾಸಿಗೆ ಬಂದಿದ್ದಳು. ಮಾತಾಡಿಸಲಿಲ್ಲ.

ಸೆಪ್ಟೆಂಬರ್ 19, ಶುಕ್ರವಾರ

ಸಿಕ್ಕಿತು. ನಮ್ಮ ಹಿಂದಿದ್ದ ಕಾರಿನವರು ಆ ಕೊನೆಯ ಸರದಿಯ ವಿಡಿಯೊ ಕಳಿಸಿದ್ದಾರೆ. ನೇರ ದಾರಿಯಲ್ಲಿ, ಇನ್ನೂ ತಿರುವು ದೂರ ಇರುವಾಗಲೇ, ನಮ್ಮ ಕಾರಿನ ಹಿಂದಿನ ಕೆಂಪು ದೀಪ ಹತ್ತಿಕೊಂಡಿದೆ. ಒಮ್ಮೆ ಅಲ್ಲ, ಪ್ರತಿ ಸುತ್ತಿನಲ್ಲೂ. ಜೋರಾಗಿ ಓಡಿಸುತ್ತಲೇ ಇನ್ನೊಂದು ಕಾಲು ಬ್ರೇಕಿನ ಮೇಲಿಟ್ಟುಕೊಂಡು ಹೋಗಿದ್ದಾಳೆ. ನನ್ನ ಬಳಿ ಕಲಿಯುವವರು ಹೀಗೆ ಮಾಡಿದರೆ ಮೊದಲ ದಿನವೇ ಮೊಣಕಾಲಿಗೆ ಹೊಡೆಯುತ್ತೇನೆ.

ಸರ್ಫರಾಜನಿಗೆ ತೋರಿಸಿದೆ. ಮಿಲಿಂದರಿಗೆ ತೋರಿಸಿದೆ. ಎರಡು ಸಲ. ಅವಳಿಗೂ ತೋರಿಸಿದೆ. ಅವಳು ಪೂರ್ತಿ ನೋಡಿ, ನಾನು ಅಲ್ಲಿ ಒತ್ತಿಲ್ಲರಿ ಅಕ್ಕಾರ ಎಂದಳು. ದೀಪ ಸುಳ್ಳು ಹೇಳುತ್ತದೆಯೇ ಎಂದೆ. ಇಲ್ಲರಿ ಎಂದಳು. ಆಮೇಲೆ ಹೋಗಿ ಮುಂದಿನ ಕ್ಲಾಸಿನವರನ್ನು ಕೂರಿಸಿಕೊಂಡು ಹೊರಟಳು.

ಬಹಳ ದಿನಗಳ ಮೇಲೆ ಹೊಟ್ಟೆ ತುಂಬ ಊಟ ಮಾಡಿದೆ.

ಅಕ್ಟೋಬರ್ 1, ಬುಧವಾರ

ಖಂಡೇನವಮಿ. ಗಾಡಿಗಳನ್ನೆಲ್ಲ ತೊಳೆದು ಸಾಲಾಗಿ ನಿಲ್ಲಿಸಿ ಪೂಜೆ ಮಾಡಿದೆವು. ಎಲ್ಲರೂ ಬಾನೆಟ್ಟಿಗೆ ಕುಂಕುಮ ಹಚ್ಚಿದರೆ ನಮ್ಮಲ್ಲಿ ಮೊದಲ ಕುಂಕುಮ ಎಡಗಡೆಯ ಬ್ರೇಕಿಗೆ. ಅಪ್ಪ ಸ್ಕೂಲು ತೆರೆದ ವರ್ಷದಿಂದ ಬಂದ ಪದ್ಧತಿ. ಅಪ್ಪನ ಹೆಸರು ಹಿಡಿದು, ದಿಗಂಬರ ಮಾಸ್ತರರ ಕಾರು ಯಾರ ಮೇಲೂ ಹರಿದಿಲ್ಲ ಎಂದು ಊರು ಹೇಳುತ್ತದೆ, ಅದಕ್ಕೆ ಆ ಪೆಡಲೇ ಕಾರಣ ಎಂದು ಅಪ್ಪ ಹೇಳುತ್ತಾರೆ. ಈಗ ಅವರಿಗೆ ಬಗ್ಗಲು ಆಗುವುದಿಲ್ಲ. ನಾನು ಹಚ್ಚಿದೆ, ಅಪ್ಪ ಕುರ್ಚಿಯಲ್ಲಿ ಕೂತು ನೋಡಿದರು.

ಸಿಹಿ ಹಂಚುವಾಗ ಸುದ್ದಿ ಹೇಳಿದೆ. ಡಿಸೆಂಬರಿನಲ್ಲಿ ಗುಂಪಿನವರು ಸ್ಪರ್ಧೆ ಇಟ್ಟಿದ್ದಾರೆ. ಒಂದು ಕಾರನ್ನು ಒಬ್ಬರೇ ಓಡಿಸಬೇಕು. ನಮ್ಮ ಕಾರಿನಿಂದ ನನ್ನ ಹೆಸರು ಕಳಿಸಿದ್ದೇನೆ. ಜನ್ನತ ಪೇಢಾದ ಬುಟ್ಟಿ ಹಿಡಿದು ನಿಂತಿದ್ದಳು. ಛಲೋ ಆತ್ರಿ ಎಂದಳು. ಬುಟ್ಟಿಯನ್ನು ಇನ್ನೊಂದು ಕೈಗೆ ಬದಲಿಸಿದಳು.

ಅಪ್ಪನಿಗೆ ವಿಡಿಯೊ ತೋರಿಸಿದೆ. ಕನ್ನಡಕ ಮೇಲೆ ಮಾಡಿ, ಮೊಬೈಲನ್ನು ಮೂಗಿನ ಹತ್ತಿರ ಹಿಡಿದು ಎರಡು ಸಲ ನೋಡಿದರು.

"ಇದು ಹೆದರಿದವರ ಕಾಲು ಅದ, ಶರೂ" ಎಂದರು. "ಆ ಹುಡುಗಿ ಹೆದರೂಕಿ ಅಲ್ಲ."

ಅಪ್ಪನಿಗೆ ವಯಸ್ಸಾಯಿತು. ಮಗಳಿಗಿಂತ ಅವಳ ಮೇಲೇ ಪ್ರೀತಿ ಹೆಚ್ಚಾಗಿದೆ. ಮಿಲಿಂದರಂತೂ ಪೇಢಾ ತಿನ್ನುತ್ತ, ಕುಣಿಯಲು ಬಾರದವಳು ನೆಲ ಡೊಂಕು ಅಂದಳಂತೆ ಎಂದರು. ಯಾರಿಗೆ ಅಂದಿರಿ ಎಂದು ಕೇಳಿದೆ. ಗಾದೆ ಹೇಳಿದೆ ಅಷ್ಟೇ ಎಂದರು.

ಅಕ್ಟೋಬರ್ 17, ಶುಕ್ರವಾರ

ಹೇಗೆ ಬರೆಯಲಿ. ಆದದ್ದನ್ನು ಆದ ಹಾಗೇ ಬರೆಯುತ್ತೇನೆ.

ಕಲಿಯುವವರ ಲೈಸೆನ್ಸಿನ ಕೆಲಸಕ್ಕೆ ಸವದತ್ತಿಗೆ ಹೋಗಿದ್ದೆ. ಬರುವಾಗ ಬಸ್ಸಿನಲ್ಲಿ ಮುಂದಿನ ಸೀಟು ಸಿಕ್ಕಿತು. ಪಕ್ಕದಲ್ಲಿ ರಾಮವ್ವ ಎಂಬ ಮುದುಕಿ, ಮುರಗೋಡದ ಮಠಕ್ಕೆ ಹೊರಟವಳು. ಕಾಲ ಹತ್ತಿರ ಟೊಮೇಟೊ ಬುಟ್ಟಿ ಇಟ್ಟುಕೊಂಡಿದ್ದಳು. ಡ್ರೈವರು ಹುಡುಗ ವಯಸ್ಸಿನವನು, ಕಬ್ಬಿನ ಟ್ರ್ಯಾಕ್ಟರುಗಳನ್ನು ಒಂದೊಂದಾಗಿ ಹಿಂದೆ ಹಾಕುತ್ತ ಹೋಗುತ್ತಿದ್ದ. ನಾನು ಮನಸ್ಸಿನಲ್ಲೇ ಅವನಿಗೆ ಪಾಠ ಹೇಳುತ್ತಿದ್ದೆ.

ಮುರಗೋಡ ಇನ್ನೂ ಬಂದಿರಲಿಲ್ಲ. ರಾಮವ್ವ ನನ್ನ ತೊಡೆ ತಟ್ಟಿದಳು.

"ಯವ್ವಾ, ಬಸ್ಸ ಅವ ನಿಂದರಸ್ತಾನ. ನೀ ಯಾಕ ನನ್ನ ಬುಟ್ಟಿ ತುಳೀತಿ?"

ಕೆಳಗೆ ನೋಡಿದೆ. ನನ್ನ ಬಲಗಾಲು ಬುಟ್ಟಿಯ ಮೇಲಿತ್ತು. ಮೀನಖಂಡ ಕಲ್ಲಾಗಿತ್ತು. ಟೊಮೇಟೊ ರಸ ಚಪ್ಪಲಿಯ ತನಕ ಹರಿದಿತ್ತು. ಕಾಲು ತೆಗೆದು ಕ್ಷಮೆ ಕೇಳಿದೆ. ಮುಂದಿನ ಟ್ರ್ಯಾಕ್ಟರು ಬಂದಾಗ ನೋಡಿದರೆ ಕಾಲು ಮತ್ತೆ ಅಲ್ಲೇ ಇತ್ತು. ಇಟ್ಟದ್ದು ನನಗೆ ಗೊತ್ತೇ ಆಗಿರಲಿಲ್ಲ.

ಜಜ್ಜಿದ ಟೊಮೇಟೊ ಎಲ್ಲ ನಾನೇ ಕೊಂಡೆ. ಮಿಲಿಂದ ಸಾರು ಮಾಡಿದರು. ಚೆನ್ನಾಗಿದೆ ಎಂದು ಹೇಳಿದೆ, ರುಚಿ ಗೊತ್ತಾಗಲಿಲ್ಲ.

ಅಕ್ಟೋಬರ್ 18, ಶನಿವಾರ

ಮಿಲಿಂದರನ್ನು ಕಾರಿನ ಹಿಂದೆ ನಿಲ್ಲಿಸಿದೆ. ಬಲ್ಬ್ ನೋಡಬೇಕು ಎಂದೆ. ಎಡಗಡೆ ಕೂತು ಆ ಪೆಡಲಿನ ಮೇಲೆ ಕಾಲಿಟ್ಟೆ. ಒತ್ತಲಿಲ್ಲ, ಸುಮ್ಮನೆ ಕಾಲಿನ ಭಾರ ಬಿಟ್ಟೆ.

"ಹತ್ತಿತು" ಎಂದರು ಹಿಂದಿನಿಂದ.

ನಾನು ಓಡಿಸಿದಾಗ ಬ್ರೇಕು ಚೆನ್ನಾಗಿತ್ತು. ಅವಳು ಒಬ್ಬಳೇ ಓಡಿಸಿದಾಗಲೂ ಚೆನ್ನಾಗಿತ್ತು. ಸುಟ್ಟದ್ದೆಲ್ಲ ನಾನು ಪಕ್ಕದಲ್ಲಿ ಕೂತಾಗ. ನನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿತ್ತು, ನಾನು ಪಕ್ಕದ ಎಲೆಯ ನೊಣದ ವಿಡಿಯೊ ಊರಿಗೆಲ್ಲ ತೋರಿಸಿದೆ.

ಯಾರಿಗೂ ಹೇಳುವುದಿಲ್ಲ.

ಅಕ್ಟೋಬರ್ 27, ಸೋಮವಾರ

ಯಾಕೆ ಹೇಳಬೇಕು? ಸ್ಪರ್ಧೆಗೆ ನನ್ನ ಹೆಸರು ಹೋಗಿದೆ. ಕಾರು ನನ್ನದು. ನಾನು ಒಬ್ಬಳೇ ಓಡಿಸಿದರೆ ಬ್ರೇಕಿಗೇನೂ ಆಗುವುದಿಲ್ಲ. ಅವಳಿಗೆ ಇನ್ನೂ ವಯಸ್ಸಿದೆ, ಮುಂದಿನ ವರ್ಷ ಓಡಿಸಲಿ. ಇಷ್ಟು ದಿನ ಹೀಗೇ ಲೆಕ್ಕ ಹಾಕುತ್ತಿದ್ದೇನೆ, ದೀಪಾವಳಿಯ ಹೋಳಿಗೆ ಕೂಡ ಇದೇ ಲೆಕ್ಕದಲ್ಲಿ ತಿಂದೆ.

ಇವತ್ತು ಸಿದ್ದಲಿಂಗವ್ವನ ಕ್ಲಾಸಿತ್ತು. ಮೊಮ್ಮಕ್ಕಳಿದ್ದಾರೆ, ಆದರೂ ರಾಮದುರ್ಗದಲ್ಲಿರುವ ಮಗಳ ಮನೆಗೆ ತಾನೇ ಕಾರು ಓಡಿಸಿಕೊಂಡು ಹೋಗಬೇಕೆಂಬ ಹಟ ಅವರಿಗೆ. ಎಡಗಡೆ ಜನ್ನತ ಕೂತಿದ್ದಳು. ನಾನು ನೆಪ ಮಾಡಿ ಹಿಂದಿನ ಸೀಟಿನಲ್ಲಿ ಕೂತೆ. ನನಗೆ ಬೇಕಾಗಿದ್ದದ್ದು ಅವಳ ಕಾಲು ನೋಡುವುದು. ಅವಳ ಕಾಲೂ ನನ್ನದರ ಹಾಗೇ ಪೆಡಲ್ ಮೇಲಿದ್ದರೆ ನನಗೆ ಸಮಾಧಾನ ಆಗುತ್ತಿತ್ತು.

ಇರಲಿಲ್ಲ. ಎರಡೂ ಕಾಲು ಹಿಂದಕ್ಕೆಳೆದು ಸೀಟಿಗೆ ತಾಗಿಸಿ ಕೂತಿದ್ದಳು. ಬಸ್ ಸ್ಟ್ಯಾಂಡಿನ ಹತ್ತಿರ ಸೈಕಲ್ಲೊಂದು ಅಡ್ಡ ಬಂತು. ನಾನು ಹಿಂದಿನಿಂದ ಮುಂದಿನ ಸೀಟನ್ನು ಒದ್ದೆ. ಅವಳು ಕಾಯ್ದಳು. ಸಿದ್ದಲಿಂಗವ್ವ ಗಾಬರಿಯಾದರು, ತಡವರಿಸಿದರು, ತಾವೇ ಒತ್ತಿದರು, ಕಾರು ನಿಂತಿತು. ಆಗ ನೋಡಿದೆ, ಜನ್ನತಳ ಕಾಲು ಪೆಡಲಿನಿಂದ ಒಂದು ಬೆರಳಿನಷ್ಟು ಮೇಲೆ ಬಂದು ನಿಂತಿತ್ತು. ಮುಟ್ಟಿರಲಿಲ್ಲ.

ಇಳಿಯುವಾಗ ಸಿದ್ದಲಿಂಗವ್ವ ನನ್ನ ಕೈ ಹಿಡಿದು ನಕ್ಕರು. "ಬಾಯಾರ, ಸಿಟ್ಟಾಗಬ್ಯಾಡ್ರಿ. ಈ ಹುಡುಗಿ ಬಾಜೂಕ ಇದ್ರ ಗಾಡಿ ನಾನ ಹೊಡ್ಯಾಕತ್ತೇನಿ ಅನಸತೈತಿ. ನೀವಿದ್ರ ನೀವ ಹೊಡದಂಗ ಆಗತೈತಿ."

ಓಡಿಸುವುದರಲ್ಲಿ ಮೇಲು ಎಂದರೆ ಹೇಗೋ ನುಂಗಿಕೊಳ್ಳುತ್ತಿದ್ದೆ. ಕಲಿಸುವುದರಲ್ಲೂ ಮೇಲು. ಅಪ್ಪನಿಂದ ಬಂದದ್ದೆಂದು ನಾನು ಇಟ್ಟುಕೊಂಡಿದ್ದು ಅದೊಂದೇ. ಮನೆಗೆ ಬಂದು ಅತ್ತೆ. ಹೊಟ್ಟೆಕಿಚ್ಚಿಗೆ ಅತ್ತೆನೋ, ನಾಚಿಕೆಗೆ ಅತ್ತೆನೋ, ಎರಡಕ್ಕೂ ಇರಬೇಕು.

ನವೆಂಬರ್ 4, ಮಂಗಳವಾರ

ಸರ್ಫರಾಜನ ಗ್ಯಾರೇಜಿಗೆ ಜನ್ನತಳನ್ನೂ ಕರೆದುಕೊಂಡು ಹೋದೆ. ಡಿಸೆಂಬರಿನ ಸ್ಪರ್ಧೆಗೆ ಟ್ರ್ಯಾಕಿನ ಪ್ಯಾಡೇ ತರಿಸು ಎಂದೆ. ಇವಳು ಕೇಳಿದ್ದನ್ನೇ ತರಿಸು, ಓಡಿಸುವವಳು ಇವಳು, ಹೆಸರು ಬದಲಿಸಿ ಕಳಿಸಿದ್ದೇನೆ. ಮತ್ತೆ, ಎಡಗಡೆಯ ಪೆಡಲ್ ಬಿಚ್ಚಿಹಾಕು.

ಸರ್ಫರಾಜ ಪಾನಾ ಹಿಡಿದ ಕೈ ಹಾಗೇ ನಿಲ್ಲಿಸಿದ. ಮಾಸ್ತರು ನನ್ನನ್ನು ಉಳಿಸುವುದಿಲ್ಲ ಎಂದ. ಅಪ್ಪನಿಗೆ ನಾನು ಹೇಳುತ್ತೇನೆ ಎಂದೆ. ಅವನು ಕಾರಿನೊಳಗೆ ತಲೆ ಹಾಕಿದ ಮೇಲೆ ಜನ್ನತ ನನ್ನ ಹತ್ತಿರ ಬಂದಳು.

"ಪೆಡಲ್ ಬಿಚ್ಚಿಸ್ತೀರಿ ಅಂದ್ರ ಆ ಪ್ಯಾಡ ಬ್ಯಾಡ್ರಿ ಅಕ್ಕಾರ. ನೀವು ಆರಿಸಿದ್ದ ನಡುವಿನ ಪ್ಯಾಡ ಸಾಕ್ರಿ" ಎಂದಳು.

ನನಗೆ ಮೊದಲು ತಿಳಿಯಲಿಲ್ಲ. ಕಾವು ತಡೆಯುವುದೇ ಬೇಕೆಂದು ಹಟ ಹಿಡಿದವಳು ನೀನೇ ಅಲ್ಲವೇ ಎಂದು ಕೇಳಿದೆ.

"ಆವಾಗ ಅದು ನಿಮ್ದು ನಂದು ಎರಡ ಕಾಲ ತಡೀಬೇಕಾಗಿತ್ತಲ್ರಿ" ಎಂದಳು.

ಗ್ಯಾರೇಜಿನಲ್ಲಿ ಯಾವುದೋ ಟ್ರ್ಯಾಕ್ಟರಿನ ಎಂಜಿನ್ ಓಡುತ್ತಿತ್ತು. ಅದು ನಿಂತಿತು. ಮೊದಲ ದಿನದಿಂದಲೇ ಗೊತ್ತಿತ್ತೇ ಎಂದು ಕೇಳಿದೆ. ಗೊತ್ತಿತ್ತಂತೆ. ತನ್ನ ಪಾದದ ಕೆಳಗೆ ಪೆಡಲ್ ತಾನೇ ಇಳಿಯುವುದು ಗೊತ್ತಾಗದೆ ಇರುತ್ತದೆಯೇ. ಮತ್ತೆ ಯಾಕೆ ಹೇಳಲಿಲ್ಲ? ನಾನು ಎಲ್ಲರ ಮುಂದೆ ಬೈದಾಗ, ವಿಡಿಯೊ ಮುಖಕ್ಕೆ ಹಿಡಿದಾಗ?

ದುಪಟ್ಟಾದ ತುದಿ ಬೆರಳಿಗೆ ಸುತ್ತಿದಳು. "ನಾ ಕಲಿಯುಮುಂದ ನೇಸರಗಿ ಸಾಲಿ ಮುಂದ ಆ ಕೂಸು ಓಡಿ ಬಂದಿತ್ತು ನೋಡ್ರಿ. ನಾ ಬ್ರೇಕ ಬಿಟ್ಟು ಎಕ್ಸಲೇಟರ ಒತ್ತಿದ್ದೆ. ನಿಮ್ಮ ಕಾಲ ಇರಲಿಲ್ಲಂದ್ರ ಇವತ್ತ ನಾ ಯಾವ ಮಾರಿ ಹೊತ್ತು ಅಡ್ಡಾಡತಿದ್ದೆ? ಆ ಕಾಲ ತಗೀರಿ ಅಂತ ಹೆಂಗ ಹೇಳ್ಲಿ?"

ಆ ಮಗು ನನಗೆ ನೆನಪೇ ಇರಲಿಲ್ಲ. ಅಂಥ ಮಕ್ಕಳು, ಎಮ್ಮೆಗಳು, ಸೈಕಲ್ಲುಗಳು ದಿನಕ್ಕೊಂದು ಅಡ್ಡ ಬರುತ್ತವೆ, ಒತ್ತುತ್ತೇನೆ, ಮರೆಯುತ್ತೇನೆ.

ತಪ್ಪಾಯ್ತು ಎನ್ನಲು ಹೋದದ್ದು, ನಿನಗೆ ಚಹಾ ಬೇಕೇನು ಎಂದು ಬಂತು. ಬೇಕ್ರಿ ಎಂದಳು. ಕುಡಿದು ಮುಗಿಸುವ ಹೊತ್ತಿಗೆ ಆ ಇನ್ನೊಂದು ಮಾತೂ ಬಂತು. ಸರ್ಫರಾಜನ ಮುಂದೆಯೇ ಹೇಳಿದೆ, ಬ್ರೇಕ್ ತಿಂದವಳು ನಾನು ಎಂದು. ಅವನಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ.

ನವೆಂಬರ್ 5, ಬುಧವಾರ

ಬಿಚ್ಚಿದ ಪೆಡಲನ್ನು ಹಳೆಯ ಟವೆಲ್ಲಿನಲ್ಲಿ ಸುತ್ತಿ ಅಪ್ಪನ ಮುಂದಿಟ್ಟೆ. ಖಂಡೇನವಮಿಯ ಕುಂಕುಮ ಇನ್ನೂ ಅದರ ಸಂದಿಯಲ್ಲಿತ್ತು. ಸಿಟ್ಟಾಗುತ್ತಾರೆಂದು ತಯಾರಾಗಿಯೇ ಹೋಗಿದ್ದೆ.

ಅಪ್ಪ ಅದನ್ನು ತೊಡೆಯ ಮೇಲಿಟ್ಟುಕೊಂಡು ರಬ್ಬರಿನ ಮೇಲೆ ಹೆಬ್ಬೆರಳಾಡಿಸಿದರು. ತುಳಿದು ತುಳಿದು ನುಣ್ಣಗಾಗಿತ್ತು.

"ಉಳಿದ ಗಾಡಿಗೂಳದು?" ಎಂದರು. ಅವೆಲ್ಲ ಇವೆ, ಕಲಿಯುವವರ ಕಾರಿನಲ್ಲಿ ಬೇಕಲ್ಲ ಎಂದೆ. ತಲೆಯಾಡಿಸಿದರು. ಟವೆಲ್ ಸಮೇತ ದೇವರ ಮನೆಯ ಮಾಡದಲ್ಲಿಡಲು ಹೇಳಿದರು.

ಡಿಸೆಂಬರ್ 14, ಭಾನುವಾರ

ಹೊಸ ನಡುವಿನ ಪ್ಯಾಡು. ಪಳಗಿಸಲು ಕಿತ್ತೂರ ದಾರಿಗೆ ಹೋದವಾರ ಜನ್ನತ ಒಬ್ಬಳೇ ಹೋಗಿದ್ದಳು, ನಾನು ಮನೆಯಲ್ಲಿ ಶೇಂಗಾ ಬಿಡಿಸುತ್ತ ಕೂತಿದ್ದೆ.

ಇವತ್ತು ಟ್ರ್ಯಾಕಿನ ಗೋಡೆಯ ಹತ್ತಿರ ನಿಂತು ನೋಡಿದೆ. ನೇರ ದಾರಿಯಲ್ಲಿ ಕಾರು ಬಂತು, ನಾನು ಒತ್ತುವ ಜಾಗ ದಾಟಿತು, ಇನ್ನೂ ದಾಟಿತು. ಕೆಂಪು ದೀಪ ಹತ್ತಲಿಲ್ಲ. ಹತ್ತಲಿಲ್ಲ. ಆಮೇಲೆ ಒಮ್ಮೆಲೇ ಹತ್ತಿತು, ಕಾರು ತಲೆ ಬಗ್ಗಿಸಿ ತಿರುವಿನೊಳಗೆ ಹೋಯಿತು. ನನ್ನ ಕೆಳಗೆ ನೋಡಿಕೊಂಡೆ. ಬಲಗಾಲಿನ ಚಪ್ಪಲಿ ಮಣ್ಣಿನಲ್ಲಿ ಅರ್ಧ ಹೂತಿತ್ತು. ಪಕ್ಕದಲ್ಲಿದ್ದವರು ನೋಡಿಬಿಟ್ಟಾರೆಂದು ಕಾಲಿನಿಂದಲೇ ಮಣ್ಣು ಸರಿಮಾಡಿದೆ.

ನಮ್ಮ ಜನ್ನತ ಮೂರನೆಯವಳಾಗಿ ಬಂದಳು. ಮೊದಲ ಇಬ್ಬರ ಕಾರುಗಳು ನಮ್ಮ ಮನೆಗಿಂತ ದುಬಾರಿಯವು. ನಿಮ್ಮ ಶಿಷ್ಯೆಯಾ ಎಂದು ಯಾರೋ ಮತ್ತೆ ಕೇಳಿದರು. ನಮ್ಮ ಸ್ಕೂಲಿನ ಟೀಚರು ಎಂದೆ. ಹೊಟ್ಟೆಯಲ್ಲಿ ಉರಿ ಇತ್ತೇ ಎಂದರೆ ಇತ್ತು. ನಾನು ಓಡಿಸಿದ್ದರೆ ಎಂಟನೆಯವಳಾಗಿರುತ್ತಿದ್ದೆನೋ ಒಂಬತ್ತನೆಯವಳೋ ಎಂದು ಲೆಕ್ಕವನ್ನೂ ಹಾಕಿದೆ. ಚಪ್ಪಾಳೆ ಹೊಡೆಯುವುದನ್ನು ಮಾತ್ರ ಇವತ್ತು ಮರೆತೇಬಿಟ್ಟೆ, ನೆನಪಾದಾಗ ಎಲ್ಲರದೂ ಮುಗಿದಿತ್ತು.

ಬರುವಾಗಲೂ ಅವಳೇ ಓಡಿಸಿದಳು. ದಣಿದಿದ್ದೀಯ, ನಾನು ಓಡಿಸುತ್ತೇನೆ ಎಂದರೆ, ಕುಂದರ್ರಿ ಅಕ್ಕಾರ ಎಂದಳು. ನಿಪ್ಪಾಣಿ ದಾಟಿದ ಮೇಲೆ ಕಬ್ಬು ತುಂಬಿದ ಟ್ರ್ಯಾಕ್ಟರೊಂದು, ಹಿಂದೆ ದೀಪವಿಲ್ಲ, ಏನಿಲ್ಲ, ಪಕ್ಕದ ದಾರಿಯಿಂದ ಸೀದಾ ಹೆದ್ದಾರಿಗೆ ನುಗ್ಗಿತು.

ನಾನು ಬಲಗಾಲು ಚಾಚಿ ಇದ್ದ ಶಕ್ತಿಯನ್ನೆಲ್ಲ ಹಾಕಿ ಒತ್ತಿದೆ. ಅಲ್ಲಿ ಬರಿಯ ನೆಲವಿತ್ತು.

ಕಾರು ನಿಂತಿತು.